ಭರಣಿಗೆ ಒದ್ದೆ ಸೌಟು

ಪುನರ್ವಸು ಮಳೆ ಹಿಡಿದ ಮೂರನೇ ದಿನ ನಮ್ಮತ್ತೆ ಅಂಗಳದಲ್ಲಿ ಬಿದ್ರು. ಮಲ್ನಾಡಿನ ಮನೆಯೋರಿಗೆ ಗೊತ್ತಿರ್ತದೆ, ಮಳೆಗಾಲದಲ್ಲಿ ಅಂಗಳ ದಾಟಕ್ಕೆ ಅಂತ ಅಡಿಕೆ ದಬ್ಬೆ ಹಾಸಿರ್ತೀವಿ. ಹಾಸಿದ ಹದಿನೈದು ದಿನಕ್ಕೆ ಅದ್ರ ಮೇಲೆ ಹಾವಸೆ ಕಟ್ಟಿ, ಕಾಲಿಟ್ರೆ ಎಣ್ಣೆ ಹಚ್ಚಿದ ಹಂಗೆ. "ದಬ್ಬೆ ಉಜ್ಬೇಕು ಮಾರಾಯ್ತಿ, ದಬ್ಬೆ ಉಜ್ಬೇಕು" ಅಂತ ವಾರದಿಂದ ಅತ್ತೆಯೇ ಹೇಳ್ತಿದ್ರು. ನಾನು ಇವತ್ತು ನಾಳೆ ಅಂತ ಮುಂದೆ ಹಾಕ್ತಿದ್ದೆ. ಬೆಳಿಗ್ಗೆ ಕೊಟ್ಟಿಗೆಗೆ ಹೊರಟೋರು ದಡಕ್ ಅಂತ ಕೂತ್ರು. ಕೂತೋರು ಏಳ್ಲಿಲ್ಲ. ಬಲಗಾಲು ಹೊರಗಡೆಗೆ ತಿರುಗಿ ಬಿದ್ದಿತ್ತು, ಎಡಗಾಲಿಗಿಂತ ಒಂಚೂರು ಗಿಡ್ಡ ಕಾಣ್ತಿತ್ತು.

ನಮ್ಮ ಯಜಮಾನ್ರು ತೋಟದಿಂದ ಓಡಿ ಬಂದ್ರು. ಮಗ ಸಿಗ್ನಲ್ ಹುಡುಕ್ಕೊಂಡು ಮನೆ ಹಿಂದಿನ ಗುಡ್ಡೆ ಹತ್ತಿ 108ಕ್ಕೆ ಫೋನ್ ಮಾಡ್ದ. ಗಾಡಿ ದಣಪೆ ತನಕ ಬಂತು, ಅಲ್ಲಿಂದ ಒಳಗೆ ಕೆಸರು. ನಾಲ್ಕು ಜನ ಸೇರಿ ಸ್ಟ್ರೆಚರ್ ಹೊತ್ರು. ಕೊಪ್ಪದಲ್ಲಿ ಎಕ್ಸ್‌ರೇ ತೆಗೆದ್ರು. ತೊಡೆಮೂಳೆಯ ಕುತ್ತಿಗೆ ಮುರಿದಿದೆ, ಆಪರೇಷನ್ನೇ ಆಗ್ಬೇಕು, ವಯಸ್ಸಾದೋರಿಗೆ ಇದ್ರಲ್ಲಿ ತಡ ಮಾಡಬಾರ್ದು ಅಂತ ಹೇಳಿ ಚೀಟಿ ಬರೆದುಕೊಟ್ರು.

ಗಾಡಿಯಲ್ಲಿ ಮಲಗಿದ ಅತ್ತೆ ನೋವಿನ ನಡುವೆ ಕೇಳಿದ್ದು ಒಂದೇ ಪ್ರಶ್ನೆ. "ಈಗ ಹೋಗ್ತಿರದು ಎಂಥಾ ಆಸ್ಪತ್ರೆ?"

ಅವ್ರ ಲೆಕ್ಕದಲ್ಲಿ ಆಸ್ಪತ್ರೆ ಅಂದ್ರೆ ಮೂರು ನಮೂನೆ. ಸೂಜಿ ಚುಚ್ಚಿ ಮನೆಗೆ ಕಳಿಸೋ ಆಸ್ಪತ್ರೆ. ಮಲಗಿಸ್ಕೊಳ್ಳೋ ಆಸ್ಪತ್ರೆ. ತಿರುಗಿ ಬರ್ತೀವೋ ಇಲ್ವೋ ಗೊತ್ತಿಲ್ದಿರೋ ಆಸ್ಪತ್ರೆ. ಆಗ ನಾನು "ಸುಮ್ನೆ ಮಲಗಿ ಅತ್ತೆ" ಅಂದೆ. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಹದಿನಾರು ದಿನ ಕೂತಾಗ ಗೊತ್ತಾಯ್ತು, ಸರ್ಕಾರದೋರು ದೊಡ್ಡ ದೊಡ್ಡ ಪದದಲ್ಲಿ ಹೇಳದೂ ಅದ್ನೇ. ಪ್ರಾಥಮಿಕ, ದ್ವಿತೀಯ, ತೃತೀಯ ಹಂತ ಅಂತಾರೆ, ಅಷ್ಟೆ.

ಇದನ್ನ ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರ್ಕೊಂಡಿದೀನಿ. ನಿಮಗೂ ಬೇಕಾಗ್ತದೆ, ಆದ್ರಿಂದ ಇಲ್ಲಿ ಒಂಚೂರು ಹೇಳ್ತೀನಿ.

ಎಲ್ಲಕ್ಕಿಂತ ಕೆಳಗಿರದು ಉಪಕೇಂದ್ರ. ಬಯಲುಸೀಮೇಲಿ 5,000 ಜನಕ್ಕೆ ಒಂದು, ನಮ್ಮಂಥ ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಅಂತ ಲೆಕ್ಕ. ಬಸುರಿ ಬಾಣಂತಿಯರ ಪಟ್ಟಿ, ಮಕ್ಕಳ ಚುಚ್ಚುಮದ್ದು, ಬಿಪಿ ಶುಗರ್ ಮಾತ್ರೆ ಎಲ್ಲ ಅಲ್ಲಿಂದ. ಅದ್ರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ. ಬಯಲಲ್ಲಿ 30,000 ಜನಕ್ಕೆ, ಗುಡ್ಡಗಾಡಲ್ಲಿ 20,000 ಜನಕ್ಕೆ. ಅಲ್ಲೊಬ್ರು ಡಾಕ್ಟ್ರು, ಐದಾರು ಹಾಸಿಗೆ. ಅದ್ರ ಮೇಲೆ ಸಮುದಾಯ ಆರೋಗ್ಯ ಕೇಂದ್ರ, 30 ಹಾಸಿಗೆ. ಆಮೇಲೆ ತಾಲ್ಲೂಕು ಆಸ್ಪತ್ರೆ, ಸಾಮಾನ್ಯವಾಗಿ 100 ಹಾಸಿಗೆ. ಹೆರಿಗೆ, ಮೂಳೆ, ಮಕ್ಕಳು, ಅರಿವಳಿಕೆ ಅಂತ ಬೇರೆ ಬೇರೆ ಡಾಕ್ಟ್ರು ಇರೋ ಜಾಗ. ಅದ್ರ ಮೇಲೆ ಜಿಲ್ಲಾಸ್ಪತ್ರೆ, ಕೊನೆಗೆ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ನಮ್ಮ ಜಿಲ್ಲೆ ಚಿಕ್ಕಮಗಳೂರಾದ್ರೂ ಕೊಪ್ಪ, ಶೃಂಗೇರಿ, ಎನ್.ಆರ್.ಪುರದೋರ ಕಾಲು ತಿರುಗದು ಶಿವಮೊಗ್ಗದ ಮೆಗ್ಗಾನ್ ಕಡೆಗೆ, ಇಲ್ಲಾಂದ್ರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ.

ಖಾಸಗಿಯಲ್ಲಿ ಬೋರ್ಡಿನ ಮೇಲೆ ಬರೆದದ್ದು ಇನ್ನೊಂದು ಭಾಷೆ. ನರ್ಸಿಂಗ್ ಹೋಮ್ ಅಂದ್ರೆ ನರ್ಸಮ್ಮಂದಿರು ಉಳ್ಕೊಳ್ಳೋ ಮನೆ ಅಂತ ನಮ್ಮತ್ತೆ ಬಹಳ ಕಾಲ ನಂಬಿದ್ರು! ಕೆಲವೇ ಹಾಸಿಗೆ ಇರೋ ಸಣ್ಣ ಖಾಸಗಿ ಆಸ್ಪತ್ರೆಗೆ ಆ ಹೆಸರು. ಮಲ್ಟಿ ಸ್ಪೆಷಾಲಿಟಿ ಅಂದ್ರೆ ಬೇರೆ ಬೇರೆ ವಿಭಾಗದ ತಜ್ಞರು ಒಂದೇ ಸೂರಿನಡಿ. ಸೂಪರ್ ಸ್ಪೆಷಾಲಿಟಿ ಅಂದ್ರೆ ಹೃದಯ, ಮೂತ್ರಪಿಂಡ, ನರ ಅಂತ ಒಂದೊಂದು ಅಂಗಕ್ಕೇ ಮತ್ತೂ ಓದಿದೋರು ಇರೋ ಜಾಗ. ಸೂಪರ್ ಅಂದ ತಕ್ಷಣ ಎಲ್ಲದಕ್ಕೂ ಸೂಪರ್ ಅಂತಲ್ಲ. ಟೀಚಿಂಗ್ ಹಾಸ್ಪಿಟಲ್ ಅಂದ್ರೆ ಮಕ್ಕಳು ಡಾಕ್ಟರಿಕೆ ಕಲಿಯೋ ಆಸ್ಪತ್ರೆ. ಬೆಳಿಗ್ಗೆ ಹತ್ತು ಹನ್ನೆರಡು ಜನ ಬಿಳಿ ಕೋಟಿನೋರು ಹಾಸಿಗೆ ಸುತ್ತ ನಿಂತ್ರೆ ಹೆದರಬೇಡಿ. ರೋಗ ಜೋರಾಗಿದೆ ಅಂತ ಬಂದದ್ದಲ್ಲ ಅವ್ರು, ಪಾಠ ಕೇಳಕ್ಕೆ ಬಂದದ್ದು.

ನಾವು ಸೇರಿಸಿದ ಆಸ್ಪತ್ರೆ ದೊಡ್ಡದೇ. ಹೆಸರು ಬೇಡ, ಊರೂ ಬೇಡ. ಅಲ್ಲಿ ನಮ್ಮನ್ನ ಚೆನ್ನಾಗೇ ನೋಡಿದ್ರು. ಮಾರನೇ ದಿನವೇ ಆಪರೇಷನ್ ಆಯ್ತು. ಅತ್ತೆ ಎದ್ದು ಗಂಜಿ ಕುಡಿದು, ದನಕ್ಕೆ ಹುಲ್ಲು ಹಾಕಿದ್ರಾ ಅಂತ ಕೇಳಿದ್ರು. ಕೇಸ್ ಶೀಟ್ ಬರೀತಿದ್ದ ನರ್ಸ್ ಹುಡುಗಿ "ಯಾವೂರು ಅಜ್ಜಿ?" ಅಂದ್ಲು. "ಹಿರೇಕೊಡಿಗೆ." "ಅದೆಲ್ಲಿ ಬರ್ತದೆ?" ಅತ್ತೆಗೆ ರೇಗ್ತು. "ಕುವೆಂಪು ಹುಟ್ಟಿದ ಊರು ಗೊತ್ತಿಲ್ವಾ?" ಅಂದ್ರು. ಆ ಹುಡುಗಿ "ಅವ್ರದ್ದು ಕುಪ್ಪಳಿ ಅಲ್ವಾ ಅಜ್ಜಿ" ಅಂದ್ಲು. ಅತ್ತೆ ಮುರಿದ ಸೊಂಟದಲ್ಲೇ ಅವ್ಳಿಗೆ ಪಾಠ ಮಾಡಿದ್ರು. ತೀರ್ಥಹಳ್ಳಿ ಕಡೆಯ ಕುಪ್ಪಳಿ ಅವ್ರ ಅಪ್ಪನ ಮನೆ, ಬೆಳೆದದ್ದು ಅಲ್ಲಿ. 1904ರ ಡಿಸೆಂಬರ್ 29ಕ್ಕೆ ಹುಟ್ಟಿದ್ದು ಅಮ್ಮನ ಮನೇಲಿ, ಕೊಪ್ಪ ತಾಲ್ಲೂಕಿನ ನಮ್ಮ ಹಿರೇಕೊಡಿಗೇಲಿ. "ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ ಅಂತ ಬೇರೆ ಬೇರೆ ಬರೀಬೇಕು" ಅಂದ್ರು. ಆ ಮಾತು ಇನ್ನು ನಾಲ್ಕೇ ದಿನದಲ್ಲಿ ಬೇರೆ ರೀತಿಯಲ್ಲಿ ನಮ್ಮ ತಲೆ ಮೇಲೆ ಬರ್ತದೆ ಅಂತ ಯಾರಿಗೆ ಗೊತ್ತಿತ್ತು.

ಆಪರೇಷನ್ ಆದ ನಾಲ್ಕನೇ ದಿನ ಸಂಜೆ ಅತ್ತೆಗೆ ನಡುಕ ಬಂತು. ಎರಡು ಹೊದಿಕೆ ಹಾಕಿದ್ರೂ ಹಲ್ಲು ಕಟಕಟ ಅಂತಿತ್ತು. ರಾತ್ರಿ ಜ್ವರ 103. ನನ್ನ ಗುರುತು ಸಿಗ್ಲಿಲ್ಲ ಅವ್ರಿಗೆ, ಸತ್ತುಹೋದ ತಂಗಿ ಹೆಸರು ಹಿಡಿದು ಕರೀತಿದ್ರು. ಗಾಯ ಬಿಚ್ಚಿ ನೋಡಿದ್ರು, ಒಣಗಿ ಚೆನ್ನಾಗಿತ್ತು. ರಕ್ತ ತಗೊಂಡ್ರು, ಮೂತ್ರ ತಗೊಂಡ್ರು. ಬೆಳಿಗ್ಗೆ ದೊಡ್ಡ ಡಾಕ್ಟ್ರು ಬಂದು ತಮ್ಮ ಹುಡುಗರಿಗೆ ಏನೋ ಹೇಳಿದ್ರು. ನನ್ನ ಕಿವಿಗೆ ಬಿದ್ದದ್ದು "ಕೌಟಿ" ಅಂತ. ಯಾರೋ ಹೆಂಗಸಿನ ಹೆಸರು ಇದ್ದ ಹಂಗಿತ್ತು.

ಆ ನರ್ಸ್ ಹುಡುಗಿಯನ್ನೇ ಹಿಡ್ಕೊಂಡು ಕೇಳ್ದೆ. "ಯಾರಮ್ಮ ಕೌಟಿ ಅಂದ್ರೆ?" ಅವ್ಳು ನಗ್ಲಿಲ್ಲ. ಪಕ್ಕದಲ್ಲಿ ಕೂತು ನನ್ನ ಹಾಲಿನ ಪುಸ್ತಕ ತಗೊಂಡು ಬರೆದ್ಲು. ಮೂತ್ರ ಹೋಗಕ್ಕೆ ಹಾಕಿರೋ ನಳಿಗೆ ಕ್ಯಾಥೆಟರ್ ಅಂತಾರೆ. ಆ ನಳಿಯ ಕಾರಣಕ್ಕೆ ಮೂತ್ರನಾಳದಲ್ಲಿ ಆಗೋ ಸೋಂಕಿಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರು, ಅದ್ರ ಮೊದಲ ಅಕ್ಷರಗಳನ್ನ ಕೂಡಿಸಿದ್ರೆ ಕೌಟಿ. ಇದು ಮನೆಯಿಂದ ತಂದ ಸೋಂಕಲ್ಲ, ಆಸ್ಪತ್ರೆಗೆ ಬಂದ ಮೇಲೆ ಹತ್ತಿದ್ದು.

"ಆಸ್ಪತ್ರೇಲಿ ಸೋಂಕು ಹತ್ತದಾ?" ನನ್ನ ಧ್ವನಿ ಜೋರಾಯ್ತು. ಅಕ್ಕಪಕ್ಕದ ಹಾಸಿಗೆಯೋರೆಲ್ಲ ತಿರುಗಿ ನೋಡಿದ್ರು. ಸೋಂಕು ವಾಸಿ ಮಾಡಕ್ಕೆ ಅಂತ ಅಲ್ವಾ ಆಸ್ಪತ್ರೆ ಇರದು.

ಆ ಹುಡುಗಿ ಹೇಳಿದ್ದು ಕೇಳಿ ನಂಗೆ ನೆನಪಾದದ್ದು ನಮ್ಮನೆ ಮಿಡಿ ಭರಣಿ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕೋವಾಗ ನಾವು ಎಷ್ಟು ಜೋಪಾನ ಮಾಡ್ತೀವಿ ನೋಡಿ. ಮಿಡಿ ತೊಳೆದು ಒರೆಸಿ, ಉಪ್ಪು ಹುರಿದು, ಭರಣಿ ಬಿಸಿಲಿಗಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಡ್ತೀವಿ. ಎರಡು ವರ್ಷ ಏನೂ ಆಗಲ್ಲ. ಒಂದು ದಿನ ಯಾರೋ ಅವಸರದಲ್ಲಿ ಒದ್ದೆ ಸೌಟು ಅದ್ದಿದ್ರೆ ಮುಗೀತು, ಹದಿನೈದು ದಿನಕ್ಕೆ ಮೇಲೆ ಬಿಳಿ ಬೂಸಲು. ತಪ್ಪು ಮಿಡಿಯದ್ದಲ್ಲ, ಉಪ್ಪಿನದ್ದಲ್ಲ, ಭರಣಿಯದ್ದೂ ಅಲ್ಲ. ಹೊರಗಿನದ್ದು ಒಳಗೆ ಹೋಗಕ್ಕೆ ಒಂದು ದಾರಿ ಸಿಕ್ತು, ಅಷ್ಟೆ. ಮನುಷ್ಯನ ಮೈಯೂ ಬಾಯಿ ಕಟ್ಟಿದ ಭರಣಿ ಹಂಗೆ. ನಳಿ, ಸೂಜಿ, ಕೊಯ್ದ ಗಾಯ ಎಲ್ಲ ಆ ಕಟ್ಟು ಬಿಚ್ಚಿದ ಹಂಗೆ. ಬಿಚ್ದೆ ವಾಸಿ ಮಾಡಕ್ಕಾಗಲ್ಲ, ಬಿಚ್ಚಿದ್ರೆ ಸೌಟು ಒಣಗಿರ್ಬೇಕು.

ಅವತ್ತಿಂದ ನಾನು ಪದಗಳ ಹಿಂದೆ ಬಿದ್ದೆ. ಬೆಂಚಿನ ಮೇಲೆ ಮಾಡಕ್ಕೆ ಬೇರೆ ಕೆಲಸ ಎಂತ ಇತ್ತು. ಕೇಳಿದ್ದು, ಓದಿದ್ದು, ಮತ್ತೆ ಕೇಳಿ ಸರಿ ಮಾಡ್ಕೊಂಡದ್ದನ್ನ ಹೇಳ್ತೀನಿ.

ಆಸ್ಪತ್ರೆಗೆ ಸೇರಿ 48 ಗಂಟೆ ಕಳೆದ ಮೇಲೆ ಕಾಣಿಸ್ಕೊಂಡ ಸೋಂಕು, ಬರೋವಾಗ ಮೈಯೊಳಗೆ ಮೊಳಕೆ ಒಡೀದೇ ಇದ್ದ ಸೋಂಕು ಆಗಿದ್ರೆ, ಅದನ್ನ ಆಸ್ಪತ್ರೆಯ ಸೋಂಕು ಅಂತಾರೆ. ಹಳೇ ಹೆಸರು ನೊಸೊಕೋಮಿಯಲ್, ರೋಗ ಮತ್ತೆ ಆರೈಕೆ ಅನ್ನೋ ಎರಡು ಗ್ರೀಕ್ ಮಾತು ಸೇರಿ ಆದದ್ದು. ಈಗ ಆರೋಗ್ಯಸೇವೆಗೆ ಸಂಬಂಧಿಸಿದ ಸೋಂಕು ಅಂತ ಅಗಲ ಮಾಡಿದಾರೆ, ಯಾಕಂದ್ರೆ ಡಯಾಲಿಸಿಸ್ ಮಾಡೋ ಜಾಗದಲ್ಲೂ, ಸಣ್ಣ ಕ್ಲಿನಿಕ್ಕಿನಲ್ಲೂ, ನಳಿ ಹಾಕಿಸ್ಕೊಂಡು ಮನೇಲಿ ಮಲಗಿದ್ರೂ ಅದು ಬರಬಹುದು. ಮನೆಯಿಂದ್ಲೇ ತಂದದ್ದಕ್ಕೆ ಸಮುದಾಯದ ಸೋಂಕು ಅಂತ ಬೇರೆ ಹೆಸರು. ನಮ್ಮ ಕಡೆ ಮಂಗನ ಕಾಯಿಲೆ ತಗೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಾದದ್ದು, ಸೊಪ್ಪಿಗೋ ದರಗಿಗೋ ಹೋದೋರಿಗೆ ಉಣುಗು ಕಚ್ಚಿ ಬರದು. ಅಂಥಾ ಜ್ವರ ಹೊತ್ಕೊಂಡು ಆಸ್ಪತ್ರೆಗೆ ಹೋದ್ರೆ ಅದು ಕಾಡಿಂದ ತಂದದ್ದು. ಮಲಗಿದ ಆರನೇ ದಿನ ಸೂಜಿ ಹಾಕಿದ ಕೈ ಕೆಂಪಾಗಿ ಊದಿ ಮತ್ತೆ ಜ್ವರ ಬಂದ್ರೆ ಅದು ಅಲ್ಲಿಯದ್ದು. ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ ಅಂತ ಬೇರೆ ಬೇರೆ ಬರೀಬೇಕು ಅಂತ ಅತ್ತೆ ಹೇಳಿದ್ದು ಇದೇ ಅಲ್ವಾ!

ಆಸ್ಪತ್ರೆಯ ಸೋಂಕಿನಲ್ಲಿ ಮುಖ್ಯ ನಾಲ್ಕು. ಒಂದು ಈ ಕೌಟಿ. ನಳಿ ಒಳಗಿದ್ದಷ್ಟು ದಿನವೂ ಅಪಾಯ ಏರ್ತಾ ಹೋಗ್ತದೆ. ನಳಿ ಹಾಕಿದ ನೂರು ಜನರಲ್ಲಿ ದಿನಕ್ಕೆ ಮೂರರಿಂದ ಏಳು ಜನರ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರ್ಕೊಳ್ತದೆ ಅಂತ ಲೆಕ್ಕ. ಸೇರಿದ್ದೆಲ್ಲ ಜ್ವರ ಆಗಲ್ಲ, ಆದ್ರೆ ದಾರಿ ತೆರೆದಿರ್ತದೆ. ಎರಡನೇದು ಕುತ್ತಿಗೆಯಲ್ಲೋ ಎದೆಯಲ್ಲೋ ದೊಡ್ಡ ರಕ್ತನಾಳಕ್ಕೆ ಹಾಕೋ ಸೆಂಟ್ರಲ್ ಲೈನಿಂದ ರಕ್ತಕ್ಕೇ ಹತ್ತೋ ಸೋಂಕು. ಮೂರನೇದು ವೆಂಟಿಲೇಟರ್ ನ್ಯುಮೋನಿಯಾ, ಮೊದಲ ಅಕ್ಷರ ಕೂಡಿಸಿ ವ್ಯಾಪ್ ಅಂತಾರೆ. ಉಸಿರಿನ ಯಂತ್ರದಲ್ಲಿ 48 ಗಂಟೆ ದಾಟಿದ ಮೇಲೆ ಬರೋ ಶ್ವಾಸಕೋಶದ ಸೋಂಕು. ನಾಲ್ಕನೇದು ಆಪರೇಷನ್ ಗಾಯದ್ದು. ಇದು ಮನೆಗೆ ಬಂದ ಮೇಲೂ ಕಾಣಿಸ್ಕೊಳ್ಳಬಹುದು. 30 ದಿನದ ತನಕ ಲೆಕ್ಕ ಇಡ್ತಾರೆ, ಅತ್ತೆಗೆ ಹಾಕಿದ ಹಂಗೆ ಒಳಗೆ ಲೋಹ ಹಾಕಿದ್ರೆ 90 ದಿನ. ಆದ್ರಿಂದ ಮನೆಗೆ ಬಂದ್ವಲ್ಲ, ಮುಗೀತು ಅಂತ ಗಾಯ ನೋಡದು ಬಿಡಬಾರ್ದು.

ಇನ್ನೊಂದೆರಡು ಪದ. ಕಲ್ಚರ್ ಅಂದ್ರೆ ಮೂತ್ರವನ್ನೋ ರಕ್ತವನ್ನೋ ತಗೊಂಡು ಅದ್ರಲ್ಲಿರೋ ಕ್ರಿಮಿಯನ್ನ ಹೆಪ್ಪು ಹಾಕಿ ಬೆಳೆಸಿದ ಹಂಗೆ ಬೆಳೆಸಿ ನೋಡದು. ಮೊಸರಿಗೆ ಒಂದು ರಾತ್ರಿ ಸಾಕು, ಇದಕ್ಕೆ ಎರಡು ಮೂರು ದಿನ ಬೇಕು. ಯಾವ ಔಷಧಿಗೆ ಆ ಕ್ರಿಮಿ ಸಾಯ್ತದೆ, ಯಾವುದಕ್ಕೆ ಬಗ್ಗಲ್ಲ ಅಂತ ಪಟ್ಟಿ ಕೊಡದು ಸೆನ್ಸಿಟಿವಿಟಿ. "ಇನ್ನೂ ರಿಪೋರ್ಟ್ ಬಂದಿಲ್ಲ" ಅಂದ್ರೆ ಉದಾಸೀನ ಅಂತ ಜಗಳಕ್ಕೆ ನಿಲ್ಲಬೇಡಿ, ನಾನು ನಿಂತಿದ್ದೆ. ಸೆಪ್ಸಿಸ್ ಅಂದ್ರೆ ಸೋಂಕಿನ ಮೇಲೆ ಮೈ ಎಷ್ಟು ಜೋರಾಗಿ ತಿರುಗಿ ಬೀಳ್ತದೆ ಅಂದ್ರೆ ತನ್ನ ಅಂಗಗಳನ್ನೇ ಹಾಳು ಮಾಡ್ಕೊಳ್ತದೆ. ಅತ್ತೆ ಗುರುತು ತಪ್ಪಿ ಮಾತಾಡಿದ್ದು ಅದ್ರ ಬಾಗಿಲಲ್ಲಿ ನಿಂತು. ಮುದುಕರಿಗೆ ಜ್ವರಕ್ಕಿಂತ ಮೊದಲೇ ಮಾತು ತಪ್ಪಬಹುದಂತೆ. ಅರುಳುಮರುಳು ಅಂತ ಬಿಟ್ಟುಬಿಡಬೇಡಿ.

ಮತ್ತೆ ಕ್ಲೀನ್ ಅನ್ನದು ಬೇರೆ, ಸ್ಟೆರೈಲ್ ಅನ್ನದು ಬೇರೆ. ತೊಳೆದ ಪಾತ್ರೆ ಕ್ಲೀನ್. ಕುದಿಸಿದ್ರೂ ಕೆಲವು ಕ್ರಿಮಿಗಳ ಗಟ್ಟಿ ಬೀಜ 100 ಡಿಗ್ರಿಗೆ ಸಾಯಲ್ಲ. ಆಸ್ಪತ್ರೆಯ ಆಟೋಕ್ಲೇವ್ ಅಂದ್ರೆ ದೊಡ್ಡ ಪ್ರೆಶರ್ ಕುಕ್ಕರ್ರೇ, ಹಬೆಯ ಒತ್ತಡದಲ್ಲಿ 121 ಡಿಗ್ರಿಗೆ ಹೋಗ್ತದೆ. ಆ ಬೀಜ ಸಾಯದು ಅಲ್ಲಿ.

ನಮ್ಮ ಮನೇಲೂ ಮಡಿ ಮೈಲಿಗೆ ಇತ್ತು. ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಅಡುಗೆಮನೆ ಹೊಸ್ತಿಲು ದಾಟಕ್ಕೆ ನೂರೆಂಟು ಕಟ್ಟಳೆ. ಈಗ ಅನ್ನಿಸ್ತದೆ, ಆ ಮಡಿ ಕೇಳ್ತಿದ್ದದ್ದು ಯಾರು ಮುಟ್ಟಿದ್ದು ಅಂತ. ಆಸ್ಪತ್ರೆಯ ಮಡಿ ಕೇಳದು ಕೈ ತೊಳೆದು ಮುಟ್ಟಿದ್ದಾ ಅಂತ. ಡಾಕ್ಟ್ರಾದ್ರೂ ಅಷ್ಟೆ, ಕಸ ಗುಡಿಸೋರಾದ್ರೂ ಅಷ್ಟೆ. ಇದಕ್ಕೊಂದು ಕತೆಯೇ ಇದೆ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಾರ್ಡು. ಒಂದ್ರಲ್ಲಿ ಡಾಕ್ಟ್ರು ಮತ್ತೆ ಅವ್ರ ಹುಡುಗರು, ಇನ್ನೊಂದ್ರಲ್ಲಿ ಸೂಲಗಿತ್ತಿಯರು. ಡಾಕ್ಟ್ರ ವಾರ್ಡಲ್ಲೇ ಬಾಣಂತಿ ಜ್ವರಕ್ಕೆ ಹೆಚ್ಚು ಹೆಂಗಸರು ಸಾಯ್ತಿದ್ರು. ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟ್ರು 1847ರಲ್ಲಿ ಕಾರಣ ಹಿಡಿದ್ರು. ಡಾಕ್ಟ್ರುಗಳು ಹೆಣ ಕೊಯ್ಯೋ ಕೋಣೆಯಿಂದ ಸೀದಾ ಹೆರಿಗೆ ಕೋಣೆಗೆ ಬರ್ತಿದ್ರು. ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯೋ ಕಟ್ಟಳೆ ಮಾಡಿದ್ದೇ ತಡ ಸಾವು ಇಳೀತು. ಆದ್ರೆ ನಮ್ಮ ಕೈಯೇ ಮೈಲಿಗೆ ಅಂತ ಒಪ್ಕೊಳ್ಳಕ್ಕೆ ಬಹಳ ಜನ ಡಾಕ್ಟ್ರು ತಯಾರಿರ್ಲಿಲ್ಲ. ಆ ಪುಣ್ಯಾತ್ಮ 1865ರಲ್ಲಿ ಹುಚ್ಚರ ಆಸ್ಪತ್ರೆಯಲ್ಲಿ ಸತ್ರು.

ಇಷ್ಟೆಲ್ಲ ಆದ್ರೂ ಈಗ್ಲೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಆಸ್ಪತ್ರೆಗೆ ಸೇರಿದ ನೂರು ಜನರಲ್ಲಿ ಶ್ರೀಮಂತ ದೇಶದಲ್ಲಿ 7 ಜನಕ್ಕೆ, ನಮ್ಮಂಥ ದೇಶದಲ್ಲಿ 15 ಜನಕ್ಕೆ ಇಂಥಾ ಒಂದಾದ್ರೂ ಸೋಂಕು ಆಗ್ತದೆ. ಹಂಗಂತ ದೊಡ್ಡಾಸ್ಪತ್ರೆಗೆ ಹೋಗದೇ ತಪ್ಪು ಅಂತ ತಿಳೀಬೇಡಿ. ಅಲ್ಲಿ ಹೆಚ್ಚು ಕಾಯಿಲೆಯೋರು ಇರ್ತಾರೆ, ಹೆಚ್ಚು ನಳಿ ಹಾಕಿರ್ತಾರೆ, ಹೆಚ್ಚು ಔಷಧಿ ಓಡಾಡಿ ಕ್ರಿಮಿಗಳೂ ಪಳಗಿರ್ತಾವೆ. ಅತ್ತೆಯ ಸೊಂಟ ಸರಿ ಮಾಡಕ್ಕೆ ಅಲ್ಲಿಗೇ ಹೋಗ್ಬೇಕಿತ್ತು. ಆದ್ರೆ ನೆಗಡಿ ಜ್ವರಕ್ಕೂ ಘಾಟಿ ಇಳಿಯೋರು ಒಂಚೂರು ಯೋಚ್ನೆ ಮಾಡ್ಬೇಕು. ಪ್ರಾಥಮಿಕ ಕೇಂದ್ರದಲ್ಲೇ ಆಗೋದನ್ನ ಅಲ್ಲೇ ಮುಗಿಸ್ಕೊಂಡ್ರೆ ಖರ್ಚೂ ಕಡಿಮೆ, ಇದೂ ಕಡಿಮೆ.

ನಮ್ಮತ್ತೆಯ ನಳಿ ಆಪರೇಷನ್ ಆದ ಮಾರನೇ ದಿನವೇ ತೆಗೀಬಹುದಿತ್ತಂತೆ. ಭಾನುವಾರ ಬಂತು, ಡ್ಯೂಟಿ ಬದಲಾಯ್ತು, ಯಾರೂ ಕೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ನಿಜ ಹೇಳ್ಬೇಕಂದ್ರೆ ನಳಿ ಇದ್ರೆ ನಮಗೇ ಸುಲಭ ಅಂತ ನಾನು ಒಳಗೊಳಗೇ ಖುಷಿ ಪಟ್ಟಿದ್ದೆ. ಮೂತ್ರದ ಚೀಲ ಒಂದೆರಡು ಸಲ ನೆಲದ ಮೇಲೆ ಇಟ್ಟೋಳೂ ನಾನೇ, ಹಾಸಿಗೆ ಸರಿ ಮಾಡೋವಾಗ ಎತ್ತಿ ಹೊಟ್ಟೆ ಮೇಲೆ ಇಟ್ಟೋಳೂ ನಾನೇ. ಚೀಲ ಯಾವಾಗ್ಲೂ ಸೊಂಟಕ್ಕಿಂತ ಕೆಳಗಿರ್ಬೇಕು, ನೆಲಕ್ಕೆ ತಾಗಬಾರ್ದು, ಮೇಲೆತ್ತಿದ್ರೆ ಮೂತ್ರ ವಾಪಸ್ ಒಳಗೆ ಹೋಗ್ತದೆ ಅಂತ ಆಗ ಗೊತ್ತಿರ್ಲಿಲ್ಲ. ಯಾವುದ್ರಿಂದ ಆಯ್ತು ಅಂತ ಯಾರೂ ಹೇಳಕ್ಕಾಗಲ್ಲ. ನಳಿ ತೆಗೆದು, ಕಲ್ಚರ್ ನೋಡಿ ಔಷಧಿ ಬದಲಾಯಿಸಿದ ಮೇಲೆ ಎಂಟನೇ ದಿನ ಅತ್ತೆ ಕಣ್ಣು ಬಿಟ್ಟು, "ದಬ್ಬೆ ಉಜ್ಜಿದ್ಯಾ?" ಅಂದ್ರು. ನಾನು ಅಲ್ಲೇ ಅತ್ತೆ. "ಅಳದೆಂತಕ್ಕೆ, ನಾನೇ ನೋಡಿ ಕಾಲಿಡ್ಬೇಕಿತ್ತು" ಅಂದು ಆ ಮಾತು ಮುಗಿಸಿದ್ರು.

ಈಗ ಹೇಳಬೇಕಾದ್ದಕ್ಕೆ ಬಂದೆ.

ಅತ್ತೆ ಆಸ್ಪತ್ರೇಲಿದ್ದ ಹದಿನಾರು ದಿನವೂ ನಮ್ಮ ಚಿಕ್ಕಮ್ಮ ನೋಡಕ್ಕೆ ಬರ್ಲಿಲ್ಲ. ಚಿಕ್ಕಮ್ಮ ಅಂದ್ರೆ ಯಜಮಾನ್ರ ಚಿಕ್ಕಪ್ಪನ ಹೆಂಡ್ತಿ, ಅತ್ತೆಗೆ ವಾರಗಿತ್ತಿ. ಪಕ್ಕದ ಮನೆಯೇ. ನಮ್ಮ ದನ ಕರು, ಮಗನ ಊಟ ಎಲ್ಲ ಅವ್ರೇ ನೋಡ್ಕೊಂಡ್ರು. ಬುತ್ತಿ ಕಟ್ಟಿ ಕಳಿಸ್ತಿದ್ರು. ಆಸ್ಪತ್ರೆಯ ಮೆಟ್ಟಿಲು ಮಾತ್ರ ಹತ್ತಲ್ಲ. ಹನ್ನೊಂದು ವರ್ಷದಿಂದ ಹತ್ತಿಲ್ಲ, ಸ್ವಂತ ಮಗಳ ಹೆರಿಗೆಗೂ ಗೇಟಿನ ಹೊರಗೇ ನಿಂತಿದ್ರು.

ಹನ್ನೊಂದು ವರ್ಷದ ಹಿಂದೆ ನಮ್ಮ ಮಾವನೋರಿಗೆ ಲಕ್ವ ಹೊಡೆದಿತ್ತು. ಬೇರೊಂದು ಆಸ್ಪತ್ರೆ, ಬೇರೊಂದು ಊರು. ಮೊದಲ ರಾತ್ರಿ ವಾರ್ಡಲ್ಲಿ ಮಾವನೋರ ಜೊತೆ ಕೂತಿದ್ದದ್ದು ಚಿಕ್ಕಮ್ಮ. ಮಾವನೋರ ಕಾಲು ತಣ್ಣಗಾಯ್ತು ಅಂತ ಮನೆಯಿಂದ ತಂದ ಕರೀ ಕಂಬಳಿ ಹೊದಿಸಿದ್ರು. ಬೆಳಗಿನ ಜಾವ ಉಸಿರು ಕೆಟ್ಟು ಐಸಿಯುಗೆ ಒಯ್ಯೋವಾಗ ಅಲ್ಲಿಯೋರೊಬ್ರು ಕಂಬಳಿ ಕಿತ್ತು ಹೊರಗೆಸೆದು, "ಇಂಥದ್ದೆಲ್ಲ ಎಂತಕ್ಕೆ ತರ್ತೀರಿ, ಇನ್ಫೆಕ್ಷನ್ ಆಗ್ತದೆ" ಅಂತ ಎಲ್ರೆದುರು ಬೈದ್ರು. ವಾರ ಕಳೆದ ಮೇಲೆ ಡಾಕ್ಟ್ರು ಬಂದು ಇನ್ಫೆಕ್ಷನ್ ಆಗಿದೆ ಅಂದ್ರು. ಹನ್ನೆರಡನೇ ದಿನ ಮಾವ ಹೋದ್ರು. ನಮಗೆ ಗೊತ್ತಿದ್ದದ್ದು ಆ ಒಂದೇ ಪದ. ಆ ಪದ ಮೊದಲು ಕೇಳಿದ್ದು ಕಂಬಳಿ ಜೊತೆ. ಎರಡೂ ಗಂಟು ಬಿದ್ವು. ಹದಿಮೂರನೇ ದಿನದ ಊಟದಲ್ಲಿ ಅತ್ತೆ ಒಂದು ಸಲ, ಒಂದೇ ಸಲ, "ಆ ಕಂಬಳಿ ಒಂದು ಒಯ್ಯದೇ ಇದ್ದಿದ್ರೆ" ಅಂದಿದ್ರು. ಅಷ್ಟೆ. ಜಗಳ ಆಗ್ಲಿಲ್ಲ, ಮಾತು ಬಿಡ್ಲಿಲ್ಲ. ಆದ್ರೆ ಊರಲ್ಲೆಲ್ಲ ಅದೇ ಕತೆ ಆಯ್ತು.

ಅತ್ತೆ ಮನೆಗೆ ಬಂದ ಮೇಲೆ ಅವ್ರ ಕಾಗದಗಳನ್ನ ಟ್ರಂಕಿನಲ್ಲಿ ಇಡಕ್ಕೆ ಹೋದೆ. ರೇಷನ್ ಕಾರ್ಡು, ಪಹಣಿ ಅಡಿಯಲ್ಲಿ ಮಾವನೋರ ಕಾಗದದ ಕವರ್ ಇತ್ತು. ಹನ್ನೊಂದು ವರ್ಷ ಯಾರೂ ಬಿಚ್ಚಿರ್ಲಿಲ್ಲ. ಬಿಚ್ಚಿದೆ. ಮೊದಲಾಗಿದ್ರೆ ನಂಗದು ಸೊಟ್ಟ ಗೀಟು. ಈಗ ಅಕ್ಷರ ಗುರುತು ಸಿಕ್ತು. ಸೇರಿದ ತಾರೀಖು. ಎರಡನೇ ದಿನ ವೆಂಟಿಲೇಟರ್. ಏಳನೇ ದಿನ ಹೊಸದಾಗಿ ಜ್ವರ, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಬಿಳಿ ನೆರಳು. ಮುಂದೆ ಮೂರಕ್ಷರದ ಇಂಗ್ಲಿಷ್ ಪದ, ವ್ಯಾಪ್. ಕೊನೆಗೆ ಸೆಪ್ಸಿಸ್.

ಆದ್ರೂ ನಾನು ಓದಿದ್ದು ಬರೀ ಪಿಯುಸಿ. ಹಾಲಿನ ಪುಸ್ತಕದ ವಿದ್ಯೆ ನಂಬ್ಕೊಂಡು ಅಷ್ಟು ದೊಡ್ಡ ಮಾತು ಹೇಳಕ್ಕೆ ಧೈರ್ಯ ಬರ್ಲಿಲ್ಲ. ಅತ್ತೆಯ ಹೊಲಿಗೆ ತೋರ್ಸಕ್ಕೆ ಹೋದಾಗ ಆ ಕವರ್ ತಗೊಂಡು ಹೋಗಿ ನಮಗೆ ಗುರುತಿರೋ ಡಾಕ್ಟ್ರ ಮುಂದಿಟ್ಟೆ. ಅವ್ರು ಎಲ್ಲ ಹಾಳೆ ನಿಧಾನಕ್ಕೆ ಓದಿದ್ರು. ಇದು ಉಸಿರಿನ ನಳಿ ಹಾಕಿದ ಐದು ದಿನದ ಮೇಲೆ ಬಂದ ನ್ಯುಮೋನಿಯಾ, ಅಂದ್ರು. ಪ್ರಜ್ಞೆ ಇಲ್ದೋರಿಗೆ ಕೆಮ್ಮಕ್ಕೆ ಆಗಲ್ಲ, ಬಾಯಿ ಗಂಟಲಿನ ನೀರು ನಳಿಯ ಪಕ್ಕದಿಂದ ಇಳಿದು ಶ್ವಾಸಕೋಶ ಸೇರ್ತದೆ, ಅದಕ್ಕೇ ತಲೆ ಎತ್ತರಿಸಿ ಮಲಗಿಸಿ ಬಾಯಿ ಶುಚಿ ಮಾಡ್ತಾ ಇರ್ತಾರೆ, ಎಲ್ಲ ಮಾಡಿದ್ರೂ ಕೆಲವ್ರಿಗೆ ಬರ್ತದೆ. ಯಾರ ತಪ್ಪು ಅಂತ ಈ ಕಾಗದ ಹೇಳಲ್ಲ. ಹೊರಗಿನ ಬಟ್ಟೆ ಐಸಿಯು ಒಳಗೆ ಬಿಡದಿರದು ಒಳ್ಳೇ ಕಟ್ಟಳೆಯೇ. ಆದ್ರೆ ಮೊದಲ ರಾತ್ರಿ ವಾರ್ಡಲ್ಲಿ ಕಾಲಿಗೆ ಹೊದಿಸಿದ ಕಂಬಳಿಗೂ ಏಳನೇ ದಿನದ ಈ ನ್ಯುಮೋನಿಯಾಕ್ಕೂ ಸಂಬಂಧ ಹಚ್ಚಕ್ಕೆ ನಂಗೆ ಕಾರಣ ಕಾಣಲ್ಲ, ಅಂದ್ರು.

ಅವತ್ತು ಸಂಜೆ ಚಿಕ್ಕಮ್ಮ ಹಾಲು ತಗೊಂಡು ಬಂದಿದ್ರು. ಅತ್ತೆ ಜಗಲಿ ಮೇಲೆ ಮಂಚದಲ್ಲಿ ಕಾಲು ಚಾಚಿ ಕೂತಿದ್ರು. ನಾನು "ಚಿಕ್ಕಮ್ಮ, ಒಂದ್ಗಳಿಗೆ ಕೂತ್ಕೊಳ್ಳಿ" ಅಂತ ಹೇಳಿ ಕಾಗದ ಓದಿ, ಡಾಕ್ಟ್ರು ಹೇಳಿದ್ದಷ್ಟನ್ನೂ ಹೇಳ್ದೆ. ಇಬ್ರೂ ಮಾತಾಡ್ಲಿಲ್ಲ. ಮಳೆ ಮಾಡಿನಿಂದ ಸುರೀತಿತ್ತು. ಚಿಕ್ಕಮ್ಮ "ಇನ್ನೊಂದ್ಸಲ ಓದು" ಅಂದ್ರು. ಓದ್ದೆ. "ತಾರೀಖು ಓದು" ಅಂದ್ರು. ತಾರೀಖೂ ಓದ್ದೆ.

ಬಹಳ ಹೊತ್ತಾದ ಮೇಲೆ ಅತ್ತೆ, "ಆ ಕಂಬಳಿ ಇದ್ಯೇನೆ? ಕಾಲು ತಣ್ಣಗಾಗ್ತದೆ ನಂಗೆ" ಅಂದ್ರು.

"ಇಲ್ಲಕ್ಕ. ಅವತ್ತು ಮನೆಗೆ ಬಂದೋಳೇ ಬಚ್ಚಲ ಒಲೆಗೆ ಹಾಕ್ದೆ."

ಅತ್ತೆ ಚಿಕ್ಕಮ್ಮನ ಕೈ ಹಿಡ್ಕೊಂಡ್ರು. "ಒಳ್ಳೇ ಕಂಬಳಿ ಅದು. ಸುಡಕ್ಕೆ ಎಂತ ಆಗಿತ್ತೆ ಅದಕ್ಕೆ. ನಾನು ಅಂಥಾ ಮಾತು ಆಡಬಾರ್ದಿತ್ತು" ಅಂದ್ರು.

ನಾನು ಕಾಪಿ ನೆವದಲ್ಲಿ ಒಳಗೆ ಬಂದೆ. ದಬ್ಬೆ ಉಜ್ಜದೇ ಇದ್ದದ್ದು ನನ್ನ ನಿಜವಾದ ತಪ್ಪು, ನಾಲ್ಕು ಮಾತಲ್ಲಿ ಮನ್ನಾ ಆಯ್ತು. ಚಿಕ್ಕಮ್ಮಂದು ತಪ್ಪೇ ಅಲ್ಲ, ಹನ್ನೊಂದು ವರ್ಷ ಹೊತ್ತರು. ನಮ್ಮಲ್ಲಿ ಯಾರಿಗಾದ್ರೂ ಒಬ್ರಿಗೆ ಆ ಕಾಗದ ಓದಕ್ಕೆ ಬಂದಿದ್ರೆ, ಇಲ್ಲಾ ಓದಿಸ್ಕೊಳ್ಳೋ ಬುದ್ಧಿ ಇದ್ದಿದ್ರೆ ಸಾಕಿತ್ತು.

ಆದ್ರಿಂದ ಆಸ್ಪತ್ರೆಗೆ ಹೋದ್ರೆ ಬರೋವಾಗ ಡಿಸ್ಚಾರ್ಜ್ ಕಾಗದ ತಪ್ಪದೆ ತಗೊಳ್ಳಿ, ಗೊತ್ತಾಗದ ಪದಕ್ಕೆ ಬೆರಳಿಟ್ಟು ಕೇಳಿ. ನಳಿ ಹಾಕಿದ್ರೆ "ಇವತ್ತೂ ಇದು ಬೇಕಾ?" ಅಂತ ದಿನಾ ಒಂದ್ಸಲ ಕೇಳಿ, ಬೈದ್ರೂ ಕೇಳಿ. ಮುಟ್ಟೋ ಮುಂಚೆ, ಮುಟ್ಟಿದ ಮೇಲೆ ಕೈ ತೊಳೀರಿ, ಸೋಪಾದ್ರೆ 40ರಿಂದ 60 ಸೆಕೆಂಡ್. ರೋಗಿಯ ಮಂಚದ ಮೇಲೆ ಸಾಲಾಗಿ ಕೂರಬೇಡಿ, ಸಣ್ಣ ಮಕ್ಕಳನ್ನ ಕರ್ಕೊಂಡು ಹೋಗಬೇಡಿ.

ಅತ್ತೆ ಈಗ ವಾಕರ್ ಹಿಡ್ಕೊಂಡು ಬಚ್ಚಲ ತನಕ ಹೋಗ್ತಾರೆ. ಹೋದ ವಾರ ಚಿಕ್ಕಮ್ಮ ಅವ್ರನ್ನ ತೋರ್ಸಕ್ಕೆ ಅಂತ ನನ್ನ ಜೊತೆ ಬಂದ್ರು, ಆಸ್ಪತ್ರೆಯ ಮೂರು ಮೆಟ್ಟಿಲು ಹತ್ತಿ ಒಳಗಿನ ಬೆಂಚಿನ ಮೇಲೆ ಕೂತ್ರು. ನಾನು ದಿನ ಬಿಟ್ಟು ದಿನ ತೆಂಗಿನ ಕತ್ತ, ಸುಣ್ಣ ಹಾಕಿ ದಬ್ಬೆ ಉಜ್ಜ್ತಿದೀನಿ. ನಿಮ್ಮನೆ ಅಂಗಳದ್ದು ಹೆಂಗಿದೆ, ಈ ಪುಟ ಮುಚ್ಚಿ ಒಂದ್ಸಲ ನೋಡ್ಕೊಂಡು ಬನ್ನಿ ಮಾರಾಯ್ರೆ.